ಕಿವಿಯ ನರದಲ್ಲಿ ಸಣ್ಣ ಗಡ್ಡೆ: ಈಗಲೇ ತೆಗೆಸಬೇಕಾ, ಕಾಯಬಹುದಾ?

ಪ್ರಶ್ನೆ: ನನಗೆ 54 ವರ್ಷ. ಶಿರಸಿ ಹತ್ತಿರದ ಹಳ್ಳಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ಎರಡು ವರ್ಷದಿಂದ ಬಲಗಿವಿಯಲ್ಲಿ ಗುಂಯ್ ಎನ್ನುವ ಸದ್ದು. ಆ ಕಿವಿಗೆ ಫೋನ್ ಹಿಡಿದರೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮೊದಲು ಗುಗ್ಗೆ ತೆಗೆಸಿದೆ. ಆಮೇಲೆ ‘ನರದ ವೀಕ್‌ನೆಸ್’ ಎಂದು ತಿಂಗಳುಗಟ್ಟಲೆ ಬಿ12 ಮಾತ್ರೆ ನುಂಗಿದೆ. ಕತ್ತಲಲ್ಲಿ ತೋಟದ ಸಂಕ (ಕಾಲುಸೇತುವೆ) ದಾಟುವಾಗ ಬಲಕ್ಕೆ ವಾಲಿದ ಹಾಗಾಗುತ್ತದೆ. ಕೊನೆಗೆ ಎಂಆರ್‌ಐ ಮಾಡಿಸಿದಾಗ ಬಲಗಿವಿಯ ಒಳಕಾಲುವೆಯಲ್ಲಿ 9 ಮಿಲಿಮೀಟರ್ ಗಡ್ಡೆ, ‘ವೆಸ್ಟಿಬ್ಯುಲರ್ ಶ್ವಾನೋಮ’ ಎಂದು ಬಂದಿದೆ. ಆಡಿಯೋಗ್ರಾಂನಲ್ಲಿ (ಕೇಳುವ ಶಕ್ತಿಯ ಪರೀಕ್ಷೆ) ಎಡಗಿವಿ ಸರಿಯಿದೆ. ಬಲಗಿವಿಗೆ 45 ಡೆಸಿಬಲ್‌ಗಿಂತ ಮೆಲ್ಲಗಿನ ಸದ್ದು ಕೇಳಿಸುವುದಿಲ್ಲ, ಮಾತು ಗುರುತಿಸುವುದು ಶೇಕಡಾ 64. ಒಬ್ಬ ಡಾಕ್ಟರ್ ತಡಮಾಡದೆ ಆಪರೇಶನ್ ಎಂದರು. ಇನ್ನೊಬ್ಬರು ಗಾಮಾ ನೈಫ್ (ವಿಕಿರಣ ಚಿಕಿತ್ಸೆ) ಎಂದರು. ಮೂರನೆಯವರು ಆರು ತಿಂಗಳು ಬಿಟ್ಟು ನೋಡೋಣ ಎಂದರು. ನೆಂಟರು ಕ್ಯಾನ್ಸರ್ ಎಂದು ಗುಸುಗುಸು ಮಾಡುತ್ತಿದ್ದಾರೆ. ಮಗಳು ಮೊಬೈಲಿನಿಂದ ಬಂತು ಎನ್ನುತ್ತಾಳೆ. ನನ್ನ ಕಿವಿ ಪೂರ್ತಿ ಹೋಗುತ್ತಾ? ಬಾಯಿ ಸೊಟ್ಟಗಾಗುತ್ತಾ? ಮಕ್ಕಳಿಗೂ ಬರುತ್ತಾ? ಬೈಕ್ ಓಡಿಸಬಹುದಾ?

ಉತ್ತರ: ಮೇಷ್ಟ್ರೇ, ಮೂವರು ಡಾಕ್ಟರು ಮೂರು ಮಾತು ಹೇಳಿದರೆ ಯಾರಿಗಾದರೂ ದಿಗಿಲಾಗುತ್ತದೆ. ಮೊದಲು ಇಷ್ಟು ತಿಳಿದುಕೊಳ್ಳಿ. ಮೂವರೂ ಹೇಳಿದ್ದು ಈ ಗಡ್ಡೆಗೆ ಇರುವ ಒಪ್ಪಿತ ದಾರಿಗಳೇ. ಯಾರೂ ನಿಮ್ಮನ್ನು ದಾರಿ ತಪ್ಪಿಸಿಲ್ಲ. ಆದರೆ ಮೂರರಲ್ಲಿ ಯಾವುದು ಈಗ, ಯಾವುದು ಆಮೇಲೆ ಎನ್ನುವುದನ್ನು ನಿಮ್ಮ ಗಡ್ಡೆಯ ಅಳತೆ, ನಿಮ್ಮ ವಯಸ್ಸು, ನಿಮ್ಮ ಕಿವಿಯ ಸ್ಥಿತಿ ನೋಡಿ ತೀರ್ಮಾನಿಸಬೇಕು. ಅದಕ್ಕೆ ನಿಮ್ಮ ಹತ್ತಿರ ಸಮಯ ಇದೆ. 9 ಮಿಲಿಮೀಟರಿನ, ಕಾಲುವೆಯೊಳಗೇ ಇರುವ ಗಡ್ಡೆ ಈ ವಾರವೇ ಅಡ್ಮಿಟ್ ಆಗಬೇಕಾದ ಕಾಯಿಲೆ ಅಲ್ಲ.

ಇದು ಕ್ಯಾನ್ಸರ್ ಅಲ್ಲ. ಇದನ್ನು ನೆಂಟರಿಗೆ ಬಾಯಿಬಿಟ್ಟು ಹೇಳಿ. ಈ ಗಡ್ಡೆ ರಕ್ತದಲ್ಲಿ ಸೇರಿ ಬೇರೆ ಕಡೆ ಹೋಗಿ ಬೇರೂರುವುದಿಲ್ಲ. ಇದರಿಂದ ತೊಂದರೆ ಬರುವುದು ಜಾಗ ಇಕ್ಕಟ್ಟಾಗಿರುವುದರಿಂದ.

ಆ ಜಾಗ ಎಂಥದ್ದು ಅಂತ ಹೇಳುತ್ತೇನೆ. ಮೆದುಳಿನಿಂದ ನೇರವಾಗಿ ಹೊರಡುವ ನರಗಳು ಹನ್ನೆರಡು ಜೋಡಿ. ಅದರಲ್ಲಿ ಎಂಟನೆಯದು ಕಿವಿಯದು. ಹೊರಗಿನಿಂದ ಒಂದೇ ನರದಂತೆ ಕಂಡರೂ ಅದರಲ್ಲಿ ಎರಡು ಭಾಗ. ಒಂದು ಭಾಗ ಒಳಗಿವಿಯ ಬಸವನಹುಳುವಿನ ಆಕಾರದ ಅಂಗದಿಂದ ಶಬ್ದದ ಸುದ್ದಿ ಒಯ್ಯುತ್ತದೆ. ಅದರಲ್ಲೇ ಸುಮಾರು 30,000 ಎಳೆಗಳಿವೆ. ಇನ್ನೊಂದು ಭಾಗ ತಲೆ ಯಾವ ಕಡೆ ತಿರುಗಿತು, ಎಷ್ಟು ವಾಲಿತು ಎಂಬ ಸುದ್ದಿ ಒಯ್ಯುತ್ತದೆ. ಇವೆರಡೂ ಮೆದುಳಿಗೆ ಹೋಗಲು ಗಟ್ಟಿ ಮೂಳೆಯೊಳಗಿನ ಒಂದು ಕಾಲುವೆ ದಾಟಬೇಕು. ಕಾಲುವೆಯ ಉದ್ದ ಒಂದು ಸೆಂಟಿಮೀಟರಿನ ಆಸುಪಾಸು. ಅದೇ ಕಾಲುವೆಯಲ್ಲಿ ಮುಖದ ನರವೂ ಹೋಗುತ್ತದೆ. ಕಣ್ಣು ಮುಚ್ಚುವುದು, ನಗುವುದು, ಬಾಯಿ ಮುಕ್ಕಳಿಸುವಾಗ ತುಟಿ ಬಿಗಿಹಿಡಿಯುವುದು ಎಲ್ಲ ಆ ನರದ ಕೆಲಸ. ಒಳಗಿವಿಗೆ ರಕ್ತ ಕೊಡುವ ಸಣ್ಣ ರಕ್ತನಾಳವೂ ಅಲ್ಲೇ ಇದೆ. ಇಷ್ಟೆಲ್ಲ ತುಂಬಿರುವ ಕಡೆ ಒಂದು ಸಣ್ಣ ಗಂಟು ಎದ್ದರೆ ಏನಾಗಬಹುದು ಯೋಚಿಸಿ.

ಗಂಟು ಏಳುವುದು ನರದ ಎಳೆಯಿಂದಲ್ಲ. ಕರೆಂಟ್ ವೈರಿಗೆ ಮೇಲೆ ಹೊದಿಕೆ ಇರುವಂತೆ ನರದ ಎಳೆಗಳಿಗೂ ಹೊದಿಕೆ ಇರುತ್ತದೆ. ಅದನ್ನು ಮಾಡುವುದು ಶ್ವಾನ್ ಕೋಶಗಳು. ಸಮತೋಲನದ ಭಾಗದಲ್ಲಿರುವ ಅಂಥ ಒಂದು ಕೋಶದಲ್ಲಿ, ಬೆಳವಣಿಗೆಗೆ ಕಡಿವಾಣ ಹಾಕುವ ಒಂದು ಜೀನ್ ಕೆಟ್ಟುಹೋಗುತ್ತದೆ. ಆ ಜೀನ್ 22ನೇ ಕ್ರೋಮೋಸೋಮಿನಲ್ಲಿದೆ. ಕಡಿವಾಣ ತಪ್ಪಿದ ಕೋಶ ನಿಧಾನವಾಗಿ ಹೆಚ್ಚುತ್ತಾ ಹೋಗುತ್ತದೆ. ‘ಅಕೌಸ್ಟಿಕ್ ನ್ಯೂರೋಮ’ ಎಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಡಿ, ಅದೂ ಇದೇ ಗಡ್ಡೆ.

ಗಡ್ಡೆ ಹುಟ್ಟಿದ್ದು ಸಮತೋಲನದ ಭಾಗದಲ್ಲಿ, ಮೊದಲು ಮಂದವಾಗಿದ್ದು ಕಿವಿ. ಇದು ವಿಚಿತ್ರ ಅನ್ನಿಸಬಹುದು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಸಂಕದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನೀವು ಸುಮ್ನೆ ಕೂತಿದ್ದಾಗಲೂ ಎರಡೂ ಕಡೆಯ ಸಮತೋಲನದ ನರಗಳು ಮೆದುಳಿಗೆ ಒಂದೇ ಸಮ ಸುದ್ದಿ ಕಳಿಸುತ್ತಿರುತ್ತವೆ. ಮೆದುಳು ಎರಡನ್ನೂ ಹೋಲಿಸಿ ನೋಡುತ್ತದೆ. ಒಂದು ಕಡೆ ಇದ್ದಕ್ಕಿದ್ದಂತೆ ನಿಂತುಹೋದರೆ ಮನೆಯೇ ತಿರುಗುವಂಥ ತಲೆಸುತ್ತು, ವಾಂತಿ. ಅದೇ ನರಕ್ಕೆ ಉರಿಯೂತ ಬಂದಾಗ ಹೀಗಾಗಿ ರೋಗಿ ಮೂರು ನಾಲ್ಕು ದಿನ ಹಾಸಿಗೆ ಬಿಟ್ಟು ಏಳುವುದಿಲ್ಲ. ಆದರೆ ಗಡ್ಡೆ ವರ್ಷಾನುಗಟ್ಟಲೆ ನಿಧಾನವಾಗಿ ಒತ್ತುತ್ತದೆ. ಸುದ್ದಿ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತದೆ. ಅಷ್ಟರಲ್ಲಿ ಮೆದುಳು ಕಣ್ಣು ಮತ್ತು ಕಾಲಿನಿಂದ ಬರುವ ಸುದ್ದಿಯನ್ನು ಜಾಸ್ತಿ ನೆಚ್ಚಿಕೊಂಡು ಲೆಕ್ಕ ಸರಿಮಾಡಿಕೊಂಡಿರುತ್ತದೆ. ಹಾಗಾಗಿ ನಿಮಗೆ ತಲೆ ಗಿರ್ರನೆ ತಿರುಗಲಿಲ್ಲ. ಕತ್ತಲಾದರೆ ಕಣ್ಣಿನ ಸಹಾಯ ಇಲ್ಲ. ಸಂಕದ ಮೇಲೆ ಕಾಲಿಗೂ ಗಟ್ಟಿ ನೆಲ ಸಿಗುವುದಿಲ್ಲ. ಆಗ ಬಲಗಡೆಯ ಕೊರತೆ ಹೊರಗೆ ಬರುತ್ತದೆ. ಕಣ್ಣು ಮುಚ್ಚಿ ತಲೆಗೆ ನೀರು ಹಾಕಿಕೊಳ್ಳುವಾಗಲೂ ಹೀಗಾಗುತ್ತದೆ, ಅಲ್ವಾ? ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಬಚ್ಚಲುಮನೆಯ ಮಾತನ್ನೇ ಮೊದಲು ಹೇಳುತ್ತಾರೆ.

ಕಿವಿಯ ವಿಷಯದಲ್ಲಿ ಮೆದುಳಿಗೆ ಇಂಥ ಬದಲಿ ದಾರಿ ಇಲ್ಲ. ಪಕ್ಕದಲ್ಲೇ ಇರುವ ಶ್ರವಣದ ಎಳೆಗಳು ಒತ್ತಡಕ್ಕೆ ಸಿಕ್ಕಿ ಸುದ್ದಿ ಕಲಸುಮೇಲೋಗರವಾಗುತ್ತದೆ. ಶಬ್ದ ಮುಟ್ಟುತ್ತದೆ, ಮಾತು ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ಫೋನಿನಲ್ಲಿ ನಿಮಗಾಗಿದ್ದು ಇದೇ. ಒಂದೇ ಕಿವಿ ಮಂದವಾದರೆ, ಅದರಲ್ಲೂ ಮಾತು ತಿಳಿಯದಿದ್ದರೆ ನಾವು ಎಂಆರ್‌ಐ ಬರೆಯುವುದು ಇದಕ್ಕೇ. ಹಾಗೆ ಸ್ಕ್ಯಾನ್ ಮಾಡಿಸಿದವರಲ್ಲಿ ಬಹುಪಾಲು ಜನರಿಗೆ ಗಡ್ಡೆ ಇರುವುದಿಲ್ಲ. ಇದನ್ನು ಓದುತ್ತಿರುವ ಬೇರೆಯವರು ಸುಮ್ಮನೆ ಹೆದರಬಾರದು ಎಂದು ಹೇಳಿದೆ.

ಬಿ12 ಬಗ್ಗೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ರಕ್ತದಲ್ಲಿ ಬಿ12 ಕಡಿಮೆ ಇದ್ದವರಿಗೆ ಅದು ಬೇಕೇ ಬೇಕು. ಆದರೆ ಒಂದು ಕಿವಿಯ ಗುಂಯ್ ಸದ್ದಿಗೆಲ್ಲ ‘ನರದ ವೀಕ್‌ನೆಸ್’ ಎಂದು ಹೆಸರಿಟ್ಟು ತಿಂಗಳುಗಟ್ಟಲೆ ಮಾತ್ರೆ ಕೊಡುವ ರೂಢಿ ನಮ್ಮಲ್ಲಿ ತುಂಬಾ ಇದೆ. ಅದರಿಂದ ಕೆಡುಕೇನೂ ಆಗುವುದಿಲ್ಲ, ಆದರೆ ಆಡಿಯೋಗ್ರಾಂ ತಡವಾಗುತ್ತದೆ. ನನಗೆ ಬೇಸರವಾಗುವುದು ಅದಕ್ಕೆ. ಬೆಚ್ಚಗಿನ ಎಣ್ಣೆ, ಬೆಳ್ಳುಳ್ಳಿ ಎಣ್ಣೆಯೂ ಅಷ್ಟೇ. ಕಿವಿಗೆ ಹಾಕಿದ್ದು ತಮಟೆಯ ಹೊರಗೇ ನಿಲ್ಲುತ್ತದೆ. ನಿಮ್ಮ ಗಡ್ಡೆ ಅಲ್ಲಿಂದ ಬಹಳ ಒಳಗೆ, ಮೂಳೆಯ ಆಚೆ ಇದೆ. ಇದನ್ನು ಕರಗಿಸುವ ಮಾತ್ರೆ, ಕಷಾಯ, ಪಥ್ಯ ಯಾವುದೂ ಇಲ್ಲ. ಯಾರಾದರೂ ಇದೆ ಎಂದರೆ ದುಡ್ಡು ಕೊಡಬೇಡಿ.

ಮೊಬೈಲ್ ವಿಷಯ. ಮಗಳ ಆತಂಕ ನನಗೆ ಅರ್ಥವಾಗುತ್ತದೆ. ಈ ಅನುಮಾನದ ಮೇಲೇ 13 ದೇಶಗಳು ಸೇರಿ ದೊಡ್ಡ ಅಧ್ಯಯನ ಮಾಡಿದವು. ಡೆನ್ಮಾರ್ಕ್‌ನಲ್ಲಿ ಬೇರೆಯಾಗಿ ನೋಡಿದರು. ಮೊಬೈಲಿನಿಂದಲೇ ಈ ಗಡ್ಡೆ ಬರುತ್ತದೆ ಎಂದು ಸಾಬೀತಾಗಲಿಲ್ಲ. ನೀವು ಏನೋ ತಪ್ಪು ಮಾಡಿ ಇದನ್ನು ತಂದುಕೊಂಡಿಲ್ಲ. ಮಕ್ಕಳ ಬಗ್ಗೆಯೂ ನಿಶ್ಚಿಂತೆಯಿಂದಿರಿ. ವಂಶದಲ್ಲಿ ಹರಿಯುವ ಬಗೆ ಒಂದಿದೆ. ಅದನ್ನು ಎನ್‌ಎಫ್2 ಎನ್ನುತ್ತೇವೆ. ಅದರಲ್ಲಿ ಸಾಮಾನ್ಯವಾಗಿ ಎರಡೂ ಕಿವಿಯ ನರಗಳಲ್ಲಿ ಗಡ್ಡೆ ಬರುತ್ತದೆ, ಅದೂ ಚಿಕ್ಕ ವಯಸ್ಸಿನಲ್ಲಿ. ಅಂಥವರ ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. 54ನೇ ವಯಸ್ಸಿನಲ್ಲಿ, ಒಂದೇ ಕಡೆ, ಮನೆತನದಲ್ಲಿ ಯಾರಿಗೂ ಇಲ್ಲದೆ ಬಂದಿರುವ ಗಡ್ಡೆ ಆ ಜಾತಿಯದಲ್ಲ ಎಂದೇ ನಾವು ತಿಳಿಯುತ್ತೇವೆ. ಮಕ್ಕಳಿಗೆ ಸ್ಕ್ಯಾನ್ ಮಾಡಿಸುವ ಅಗತ್ಯ ಇಲ್ಲ.

ಈಗ ಮೂರು ದಾರಿಗಳಿಗೆ ಬರೋಣ.

ಕಾಯುವುದು ಎಂದರೆ ಕೈಕಟ್ಟಿ ಕೂರುವುದಲ್ಲ. ಆರು ತಿಂಗಳಿಗೆ ಇನ್ನೊಂದು ಎಂಆರ್‌ಐ, ಆಮೇಲೆ ವರ್ಷಕ್ಕೊಂದು, ಜೊತೆಗೆ ಆಡಿಯೋಗ್ರಾಂ. ಕೆಲವು ವರ್ಷ ಬೆಳೆಯದೆ ನಿಂತರೆ ಸ್ಕ್ಯಾನಿನ ಅಂತರ ಹೆಚ್ಚಿಸುತ್ತೇವೆ. ಇದಕ್ಕೆ ಗಟ್ಟಿ ಆಧಾರ ಇದೆ. 2006ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಅಧ್ಯಯನದಲ್ಲಿ ನಿಮ್ಮ ಹಾಗೆ ಕಾಲುವೆಯೊಳಗೇ ಇದ್ದ ಗಡ್ಡೆಗಳಲ್ಲಿ ಶೇಕಡಾ 17 ಮಾತ್ರ ಬೆಳೆದು ಕಾಲುವೆಯಿಂದ ಹೊರಗೆ ಬಂದವು. ಬೆಳೆದಿದ್ದು ಮೊದಲ 5 ವರ್ಷದೊಳಗೆ. 2023ರಲ್ಲಿ ನಾರ್ವೆಯಿಂದ ಇನ್ನೊಂದು ವರದಿ ಬಂತು. ಸಣ್ಣ ಮತ್ತು ಮಧ್ಯಮ ಗಡ್ಡೆಯ 100 ಜನರಲ್ಲಿ ಅರ್ಧ ಜನರಿಗೆ ತಕ್ಷಣ ಗಾಮಾ ನೈಫ್ ಕೊಟ್ಟರು, ಇನ್ನರ್ಧ ಜನರನ್ನು ಸ್ಕ್ಯಾನ್ ಮಾಡುತ್ತಾ ಕಾದರು. 4 ವರ್ಷವಾದಾಗ ಕಾದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನರಿಗೆ ಯಾವ ಚಿಕಿತ್ಸೆಯೂ ಬೇಕಾಗಿರಲಿಲ್ಲ. ತಕ್ಷಣ ಚಿಕಿತ್ಸೆ ಪಡೆದವರ ಗಡ್ಡೆ ಹೆಚ್ಚು ಕುಗ್ಗಿತ್ತು, ಅದು ನಿಜ. ಆದರೆ ಕೇಳಿಸುವ ಶಕ್ತಿಯಲ್ಲಿ, ಜೀವನದ ನೆಮ್ಮದಿಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಕಾಯುವುದರಲ್ಲೂ ಕಷ್ಟ ಇದೆ. ಗಡ್ಡೆ ಬೆಳೆಯದಿದ್ದರೂ ಆ ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಾ ಹೋಗಬಹುದು. ಮಾತು ಗುರುತಿಸುವುದು ಶುರುವಿನಲ್ಲೇ ಶೇಕಡಾ 100 ಇದ್ದವರ ಕಿವಿ ಹೆಚ್ಚು ಕಾಲ ಉಳಿಯುತ್ತದೆ. ನಿಮ್ಮದು ಈಗಾಗಲೇ 64ಕ್ಕೆ ಇಳಿದಿದೆ. ಇನ್ನೊಂದು ಅಪಾಯ ನಮ್ಮ ಕಡೆಯ ರೋಗಿಗಳದ್ದೇ. ಎರಡು ಸ್ಕ್ಯಾನ್ ಚೆನ್ನಾಗಿ ಬಂದರೆ ಮೂರನೆಯದಕ್ಕೆ ಬರುವುದೇ ಇಲ್ಲ. ಐದಾರು ವರ್ಷ ಬಿಟ್ಟು ಮೂರು ಸೆಂಟಿಮೀಟರ್ ಗಡ್ಡೆ ಹೊತ್ತು ಬಂದವರನ್ನು ನೋಡಿದ್ದೇನೆ. ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸ್ಕ್ಯಾನಿಗೆ ತಪ್ಪದೆ ಬರುವವರಿಗೆ ಮಾತ್ರ ಈ ದಾರಿ.

ಗಾಮಾ ನೈಫ್ ಹೆಸರಿನಲ್ಲಿ ಚಾಕು ಇದ್ದರೂ ಕೊಯ್ಯುವುದೇನೂ ಇಲ್ಲ. ಸ್ವೀಡನ್‌ನ ಲಾರ್ಸ್ ಲೆಕ್ಸೆಲ್ ಎಂಬ ನರಶಸ್ತ್ರತಜ್ಞರು 1960ರ ದಶಕದಲ್ಲಿ ರೂಪಿಸಿದ ಯಂತ್ರ ಇದು. ನೂರಾರು ಸಣ್ಣ ವಿಕಿರಣ ಕಿರಣಗಳು ಬೇರೆ ಬೇರೆ ದಿಕ್ಕಿನಿಂದ ಬಂದು ಗಡ್ಡೆಯಲ್ಲಿ ಮಾತ್ರ ಸೇರುತ್ತವೆ. ಒಂದೊಂದೇ ಕಿರಣ ದುರ್ಬಲ. ಹಾಗಾಗಿ ದಾರಿಯಲ್ಲಿರುವ ಮೆದುಳಿಗೆ ಹೆಚ್ಚು ಏಟು ಬೀಳುವುದಿಲ್ಲ. ಗಡ್ಡೆಯ ಅಂಚಿಗೆ ಸಾಮಾನ್ಯವಾಗಿ 12ರಿಂದ 13 ಗ್ರೇ (ವಿಕಿರಣದ ಅಳತೆ) ಕೊಡುತ್ತಾರೆ. ತಲೆಗೆ ಚೌಕಟ್ಟು ಬಿಗಿಯುವುದು ಬಿಟ್ಟರೆ ನೋವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯ ಇದೆ.

ಇದು ಗಡ್ಡೆಯನ್ನು ತೆಗೆಯುವುದಿಲ್ಲ. ಬೆಳೆಯುವುದನ್ನು ನಿಲ್ಲಿಸುತ್ತದೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಲ್ಲಿ ಅದು ಆಗುತ್ತದೆ. ಮುಖದ ನರಕ್ಕೆ ತೊಂದರೆಯಾಗುವುದು ಬಹಳ ಅಪರೂಪ. ಮೊದಲ ಒಂದೆರಡು ವರ್ಷದಲ್ಲಿ ಗಡ್ಡೆ ಊದಿಕೊಂಡು ದೊಡ್ಡದಾದಂತೆ ಕಾಣಬಹುದು. ಆಗ ಹೆದರಿ ಆಪರೇಶನ್‌ಗೆ ಓಡಬಾರದು, ಬಹಳಷ್ಟು ಸಲ ಅದೇ ಇಳಿಯುತ್ತದೆ. ಕಿವಿಯನ್ನು ಇದು ಶಾಶ್ವತವಾಗಿ ಉಳಿಸುತ್ತದೆ ಎಂದು ಮಾತ್ರ ಯಾರೂ ಭರವಸೆ ಕೊಡಲಾರರು. ಕೇಳುವ ಶಕ್ತಿ ಚೆನ್ನಾಗಿದ್ದವರಲ್ಲೂ 5 ವರ್ಷದ ಹೊತ್ತಿಗೆ ಅರ್ಧದಷ್ಟು ಜನ ಬಳಸಲು ಬರುವಷ್ಟು ಉಳಿಸಿಕೊಂಡಿರುತ್ತಾರೆ. ಆಮೇಲೆ ಅದೂ ಇಳಿಯುತ್ತದೆ. ವಿಕಿರಣದಿಂದ ಗಡ್ಡೆ ಕ್ಯಾನ್ಸರಿಗೆ ತಿರುಗುತ್ತಾ ಎಂದು ಎಲ್ಲರೂ ಕೇಳುತ್ತಾರೆ. ಹಾಗಾದ ಪ್ರಕರಣಗಳು ಜಗತ್ತಿನಲ್ಲಿ ವರದಿಯಾಗಿವೆ, ಆದರೆ ಅತಿ ವಿರಳ. 54ರ ವಯಸ್ಸಿನಲ್ಲಿ ನಾನು ಅದನ್ನು ದೊಡ್ಡ ಅಡ್ಡಿ ಎಂದು ಎಣಿಸುವುದಿಲ್ಲ. ಇಪ್ಪತ್ತರ ಹುಡುಗನಾದರೆ ಇನ್ನೊಮ್ಮೆ ಯೋಚಿಸುತ್ತೇನೆ.

ಇನ್ನು ಆಪರೇಶನ್. ಊರಿನಲ್ಲಿ ಇದರ ಬಗ್ಗೆ ಇರುವ ಭಯ ಹಳೆಯದು, ಅದಕ್ಕೆ ಕಾರಣವೂ ಇತ್ತು. 20ನೇ ಶತಮಾನದ ಶುರುವಿನಲ್ಲಿ ಈ ಗಡ್ಡೆ ತೆಗೆಸಿಕೊಂಡವರಲ್ಲಿ ಬಹುಪಾಲು ಜನ ಬದುಕುತ್ತಿರಲಿಲ್ಲ. ಅಮೆರಿಕದ ಹಾರ್ವೆ ಕುಶಿಂಗ್ ಗಡ್ಡೆಯನ್ನು ಒಳಗಿನಿಂದ ಮಾತ್ರ ಖಾಲಿ ಮಾಡಿ ಜೀವ ಉಳಿಸುವುದನ್ನು ತೋರಿಸಿದರು. 1960ರ ದಶಕದಲ್ಲಿ ವಿಲಿಯಂ ಹೌಸ್ ಮೈಕ್ರೋಸ್ಕೋಪ್ ಹಿಡಿದು ಕಿವಿಯ ಮೂಳೆಯ ಮೂಲಕ ಹೋಗುವ ದಾರಿಯನ್ನು ಬಳಕೆಗೆ ತಂದರು. ಈಗ ಆಪರೇಶನ್ ನಡೆಯುವಷ್ಟು ಹೊತ್ತೂ ಮುಖದ ನರವನ್ನು ಯಂತ್ರದಲ್ಲಿ ಗಮನಿಸುತ್ತಿರುತ್ತಾರೆ. ಒಳ್ಳೆಯ ಕೇಂದ್ರಗಳಲ್ಲಿ ಜೀವಕ್ಕೆ ಅಪಾಯ ಬಹಳ ಕಡಿಮೆ.

ಹೋಗುವ ದಾರಿ ಮೂರು. ಕಿವಿಯ ಹಿಂದಿನ ಮೂಳೆ ಕೊರೆದು ಒಳಗಿವಿಯ ಮೂಲಕ ಹೋದರೆ ಮುಖದ ನರ ಚೆನ್ನಾಗಿ ಕಾಣುತ್ತದೆ, ಆದರೆ ಆ ಕಿವಿ ಪೂರ್ತಿ ಹೋಗುತ್ತದೆ. ತಲೆಬುರುಡೆಯ ಹಿಂಭಾಗದಿಂದ ಅಥವಾ ಕಿವಿಯ ಮೇಲ್ಭಾಗದಿಂದ ಹೋದರೆ ಕಿವಿ ಉಳಿಸುವ ಪ್ರಯತ್ನ ಮಾಡಬಹುದು. ಸಣ್ಣ ಗಡ್ಡೆ, ಪಳಗಿದ ಕೈ ಇದ್ದರೂ ಕಿವಿ ಉಳಿಯುವುದು ಅರ್ಧದಷ್ಟು ಜನರಿಗೆ. ನಿಮ್ಮ 64ರ ಅಂಕಿಯಲ್ಲಿ ಅದಕ್ಕಿಂತ ಕಡಿಮೆ ಎಂದೇ ಎಣಿಸಿ. ಮೆದುಳಿನ ಸುತ್ತಲಿನ ನೀರು ಗಾಯದಿಂದಲೋ ಮೂಗಿನಿಂದಲೋ ಸೋರಬಹುದು, ತಲೆನೋವು ತಿಂಗಳುಗಟ್ಟಲೆ ಉಳಿಯಬಹುದು.

ಬಾಯಿ ಸೊಟ್ಟಗಾಗುತ್ತಾ ಎಂದು ಕೇಳಿದಿರಿ. ಈಗಿರುವ ಗಡ್ಡೆಯಿಂದ ಆಗುವುದು ತೀರಾ ಅಪರೂಪ, ಮುಖದ ನರ ಒತ್ತಡವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಅಪಾಯ ಇರುವುದು ಆಪರೇಶನ್‌ನಲ್ಲಿ. ಸಣ್ಣ ಗಡ್ಡೆಯಲ್ಲಿ ಕಡಿಮೆ, ಗಡ್ಡೆ ದೊಡ್ಡದಾದಷ್ಟೂ ಜಾಸ್ತಿ. ಬೇಗ ತೆಗೆಸಿ ಎಂದ ಡಾಕ್ಟರ್ ಮನಸ್ಸಿನಲ್ಲಿ ಇದ್ದಿದ್ದು ಇದೇ ಇರಬಹುದು, ಅದನ್ನು ಕಡೆಗಣಿಸಬೇಡಿ. ದೊಡ್ಡ ಗಡ್ಡೆಯಲ್ಲಿ ನರಕ್ಕೆ ಅಂಟಿದ ಸ್ವಲ್ಪ ಭಾಗವನ್ನು ಬೇಕೆಂದೇ ಬಿಟ್ಟು ಮುಖ ಉಳಿಸುವ ಪದ್ಧತಿ ಈಗಿದೆ. ಅದು ಸರಿ ಎಂದೇ ನನ್ನ ಅಭಿಪ್ರಾಯ. ಕಣ್ಣು ಮುಚ್ಚಲಾಗದೆ ಬದುಕುವ ಕಷ್ಟ ಸ್ಕ್ಯಾನಿನ ಚಿತ್ರದಲ್ಲಿ ಕಾಣುವುದಿಲ್ಲ.

ನಿಮ್ಮ ಜಾಗದಲ್ಲಿ ನನ್ನ ಅಣ್ಣ ಇದ್ದರೆ ಏನು ಹೇಳುತ್ತಿದ್ದೆ? ಆರು ತಿಂಗಳು ಕಾಯೋಣ, ಸ್ಕ್ಯಾನ್ ಮಾಡಿಸೋಣ ಎನ್ನುತ್ತಿದ್ದೆ. ವರ್ಷಕ್ಕೆ 2 ಮಿಲಿಮೀಟರಿಗಿಂತ ಹೆಚ್ಚು ಬೆಳೆದರೆ ಗಾಮಾ ನೈಫ್ ಕಡೆ ವಾಲುತ್ತಿದ್ದೆ. ಮೊದಲ ಆಯ್ಕೆಯಾಗಿ ಆಪರೇಶನ್ ಎನ್ನುತ್ತಿದ್ದದ್ದು ಗಡ್ಡೆ ದೊಡ್ಡದಾಗಿ ಮೆದುಳಿನ ಕಾಂಡವನ್ನು ಒತ್ತುತ್ತಿದ್ದರೆ. ಆ ಬಲಗಿವಿ ಯಾವ ದಾರಿ ಹಿಡಿದರೂ ಮುಂದೆ ಕುಗ್ಗುವ ಸಾಧ್ಯತೆಯೇ ಹೆಚ್ಚು. ಈ ಮಾತು ಕಹಿ, ಗೊತ್ತು. ಆದರೆ ಅದನ್ನು ಒಪ್ಪಿಕೊಂಡರೆ ಅವಸರ ಕಡಿಮೆಯಾಗುತ್ತದೆ. ಆಪರೇಶನ್ ಎಂದವರ ಹತ್ತಿರ ಮತ್ತೆ ಹೋದರೆ ಹೀಗೆ ಕೇಳಿ: ವರ್ಷಕ್ಕೆ ಇಂಥ ಗಡ್ಡೆ ಎಷ್ಟು ಮಾಡುತ್ತೀರಿ? ಈ ಅಳತೆಯವರಲ್ಲಿ ಎಷ್ಟು ಜನರ ಮುಖ ಸರಿಯಾಗಿ ಉಳಿದಿದೆ? ಒಳ್ಳೆಯ ಸರ್ಜನ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಈ ಆರು ತಿಂಗಳಲ್ಲಿ ಮಾಡಬೇಕಾದ್ದು ಬಹಳ ಇದೆ. ಮೊದಲನೆಯದು ಎಡಗಿವಿ. ಇನ್ನು ಮುಂದೆ ಅದೇ ನಿಮ್ಮ ಆಸ್ತಿ. ಜಾತ್ರೆಯ ಸ್ಪೀಕರ್ ಎದುರು ನಿಲ್ಲಬೇಡಿ, ಪಟಾಕಿಯಿಂದ ದೂರ ಇರಿ. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಇಂಜೆಕ್ಷನ್‌ಗಳು ಒಳಗಿವಿಯನ್ನು ಕೆಡಿಸಬಲ್ಲವು. ಯಾವ ಕಾಯಿಲೆಗೆ ಅಡ್ಮಿಟ್ ಆದರೂ ‘ನನಗೆ ಒಂದೇ ಕಿವಿ ಸರಿ ಇರುವುದು’ ಎಂದು ಮೊದಲೇ ಹೇಳಿ. ಯಾವ ಕಿವಿಯಾದರೂ ಸರಿ, ಇದ್ದಕ್ಕಿದ್ದಂತೆ ಕೇಳಿಸದಾದರೆ ಮರುದಿನವೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಬೇಗ ಸ್ಟೀರಾಯ್ಡ್ ಶುರುಮಾಡಿದರೆ ಗಡ್ಡೆ ಇದ್ದವರಲ್ಲೂ ಕೆಲವೊಮ್ಮೆ ಕಿವಿ ಮರಳುತ್ತದೆ. ವಾರಗಟ್ಟಲೆ ತಡಮಾಡಿದರೆ ಆ ಅವಕಾಶ ಹೋಗುತ್ತದೆ.

ಬಲಗಿವಿಗೆ ಹಿಯರಿಂಗ್ ಏಡ್ ಈಗಲೂ ಪ್ರಯೋಜನಕ್ಕೆ ಬರಬಹುದು. ಮುಂದೆ ಆ ಕಿವಿ ಪೂರ್ತಿ ಹೋದರೂ ಅಲ್ಲಿನ ಶಬ್ದವನ್ನು ಎಡಗಿವಿಗೆ ದಾಟಿಸುವ ಸಾಧನಗಳಿವೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇದನ್ನೆಲ್ಲ ಪರೀಕ್ಷೆ ಮಾಡಿ, ಹಾಕಿ ನೋಡಿ ಹೇಳುತ್ತಾರೆ. ಕ್ಲಾಸಿನಲ್ಲಿ ಮಕ್ಕಳು ನಿಮ್ಮ ಎಡಕ್ಕೆ ಬರುವಂತೆ ನಿಂತುಕೊಳ್ಳಿ, ಸ್ಟಾಫ್ ರೂಮಿನಲ್ಲಿ ಕುರ್ಚಿ ಬದಲಿಸಿ. ಗುಂಯ್ ಸದ್ದು ಗಡ್ಡೆ ತೆಗೆಸಿದರೂ ಹೋಗುತ್ತದೆ ಎಂದು ಹೇಳಲಾಗದು. ರಾತ್ರಿ ತೀರಾ ಮೌನ ಇದ್ದಾಗ ಅದು ಜಾಸ್ತಿ ಕಾಡುತ್ತದೆ. ಫ್ಯಾನಿನ ಸದ್ದೋ, ಸಣ್ಣಗೆ ರೇಡಿಯೋವೋ ಇದ್ದರೆ ನಿದ್ದೆ ಹತ್ತುತ್ತದೆ.

ಸಮತೋಲನಕ್ಕೆ ಮಾತ್ರೆಗಿಂತ ವ್ಯಾಯಾಮ ಮೇಲು. ಸಿನ್ನರಿಜಿನ್, ಪ್ರೋಕ್ಲೋರ್‌ಪೆರಜಿನ್ ತರಹದ ತಲೆಸುತ್ತಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಮೆದುಳು ತಾನೇ ಸರಿಮಾಡಿಕೊಳ್ಳುವ ಕೆಲಸ ಮಂದವಾಗುತ್ತದೆ. ಎದುರಿಗೆ ಒಂದು ಅಕ್ಷರ ನೋಡುತ್ತಾ ತಲೆಯನ್ನು ಆಚೀಚೆ ಆಡಿಸುವುದು, ಗೋಡೆಯ ಪಕ್ಕ ಒಂದು ಪಾದದ ಮುಂದೆ ಇನ್ನೊಂದು ಇಟ್ಟು ನಡೆಯುವುದು. ಇಂಥದ್ದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು ದಿನಾ ಮಾಡಿ. ಕತ್ತಲಾದ ಮೇಲೆ ಟಾರ್ಚ್ ಮತ್ತು ಕೋಲು ಇಲ್ಲದೆ ಸಂಕ ದಾಟಬೇಡಿ. ಮರ, ಏಣಿ ಹತ್ತುವುದು ಬಿಡಿ. ಹೊಳೆಯಲ್ಲಿ ಒಬ್ಬರೇ ಮುಳುಗಿ ಈಜಬೇಡಿ, ಕದಡಿದ ನೀರಿನೊಳಗೆ ಮೇಲೆ ಯಾವುದು ಕೆಳಗೆ ಯಾವುದು ತಿಳಿಯದೆ ಹೋಗಬಹುದು.

ಮುಖದ ಒಂದು ಭಾಗ ಮರಗಟ್ಟಿದರೆ, ವಾಂತಿಯ ಜೊತೆ ತಲೆನೋವು ಬಿಡದೆ ಬಂದರೆ, ಒಂದು ವಸ್ತು ಎರಡಾಗಿ ಕಂಡರೆ, ನುಂಗಲು ತೊಡಕಾದರೆ ಅಥವಾ ಹಗಲಲ್ಲೂ ಕಾಲು ತಡವರಿಸಿದರೆ ಆರು ತಿಂಗಳು ಕಾಯದೆ ತಕ್ಷಣ ತೋರಿಸಿ. ಮೊದಲ ಎಂಆರ್‌ಐನ ಸಿಡಿಯನ್ನು ಜೋಪಾನವಾಗಿಡಿ. ವರದಿಯ ಕಾಗದ ಸಾಲದು. ಒಂದು ಮಿಲಿಮೀಟರಿನ ವ್ಯತ್ಯಾಸ ತಿಳಿಯಬೇಕಾದರೆ ಹಳೆಯ ಚಿತ್ರ ಮತ್ತು ಹೊಸ ಚಿತ್ರವನ್ನು ಪಕ್ಕಪಕ್ಕ ಇಟ್ಟೇ ಅಳೆಯಬೇಕು. ಮುಂದಿನ ಸ್ಕ್ಯಾನಿಗೆ ಮೊದಲು ಕಿಡ್ನಿಯ ರಕ್ತಪರೀಕ್ಷೆ ಕೇಳಬಹುದು. ಸ್ಕ್ಯಾನಿನಲ್ಲಿ ಕೊಡುವ ಇಂಜೆಕ್ಷನ್ ಕಾರಣಕ್ಕೆ ಅದು.

ಬೈಕ್ ಪ್ರಶ್ನೆ ಉಳಿಯಿತು. ಹಗಲಲ್ಲಿ, ತಲೆ ಹಗುರಾಗಿರುವ ದಿನ, ಶಾಲೆಗೆ ಹೋಗಿ ಬರುವಷ್ಟು ದೂರ ಓಡಿಸಬಹುದು. ಬಲಗಡೆಯಿಂದ ಬರುವ ಗಾಡಿಯ ಹಾರ್ನ್ ನಿಮಗೆ ಎಡದಿಂದ ಬಂದಂತೆ ಕೇಳಬಹುದು, ಆದ್ದರಿಂದ ಎರಡೂ ಕನ್ನಡಿ ಬೇಕೇ ಬೇಕು. ಮಳೆಗಾಲದ ರಾತ್ರಿ ಘಟ್ಟದ ರಸ್ತೆಯಲ್ಲಿ ಮಾತ್ರ ಬೈಕ್ ತೆಗೆಯಬೇಡಿ, ಬಸ್ಸಿಗೆ ಹೋಗಿ.